ಲಿವರ್ ಎನ್‌ಜೈಮ್ ಟೆಸ್ಟ್‌ಗೆ ಕೋಡ್ ಹಾಕುವುದು ಹೇಗೆ?

ಅಮೆರಿಕದ ಲ್ಯಾಬ್ ಬಿಲ್ಲುಗಳಲ್ಲಿ ಲಿವರ್ ಎನ್‌ಜೈಮ್ ಟೆಸ್ಟ್ ದಿನಾ ಕಾಣುವಂಥದ್ದು. ಕೋಡ್ ಹುಡುಕುವುದು ಎರಡು ನಿಮಿಷದ ಕೆಲಸ. ಆದರೂ ಕ್ಲೇಮ್ ವಾಪಸ್ ಬರುತ್ತಿರುತ್ತದೆ. ಯಾವ ಟೆಸ್ಟ್ ಮಾಡಿದಿರಿ ಅಂತ ಹೇಳಿದರೆ ಇನ್ಶೂರೆನ್ಸ್ ಕಂಪನಿಗೆ ಸಾಲದು, ಯಾಕೆ ಮಾಡಿದಿರಿ ಅಂತಲೂ ಹೇಳಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲು ಡಾಕ್ಟರ ಆರ್ಡರ್ ಓದಿ. ಬರೀ ‘ಎಲ್‌ಎಫ್‌ಟಿ’ (ಲಿವರ್ ಫಂಕ್ಷನ್ ಟೆಸ್ಟ್) ಅಂತ ಗೀಚಿದ್ದರೆ ಊಹೆ ಮಾಡಲು ಹೋಗಬೇಡಿ, ಯಾವ್ಯಾವ ಟೆಸ್ಟ್ ಬೇಕಿತ್ತು ಅಂತ ಕ್ಲಿನಿಕ್‌ಗೆ ಕೇಳಿ. ಆಮೇಲೆ ಲ್ಯಾಬ್ ರಿಪೋರ್ಟ್ ಜೊತೆ ತಾಳೆ ನೋಡಿ. ಆರ್ಡರ್‌ನಲ್ಲೂ ಇರಬೇಕು, ಟೆಸ್ಟೂ ಆಗಿರಬೇಕು. ಅಷ್ಟಕ್ಕೆ ಮಾತ್ರ ಬಿಲ್.

ಈಗ ಸಿಪಿಟಿ ಕೋಡ್, ಅಂದರೆ ಯಾವ ಟೆಸ್ಟ್ ಮಾಡಿದಿರಿ ಅಂತ ಹೇಳುವ ನಂಬರ್. ಎಎಲ್‌ಟಿಗೆ (ಹಳೇ ಹೆಸರು ಎಸ್‌ಜಿಪಿಟಿ) 84460, ಎಎಸ್‌ಟಿಗೆ (ಎಸ್‌ಜಿಒಟಿ) 84450. ಆಲ್ಕಲೈನ್ ಫಾಸ್ಫಟೇಸ್ 84075, ಜಿಜಿಟಿ 82977. ಸೂಜಿ ಚುಚ್ಚಿ ರಕ್ತ ತೆಗೆದದ್ದಕ್ಕೆ 36415. ಎಷ್ಟು ಟ್ಯೂಬ್ ತುಂಬಿಸಿದರೂ ಇದು ಒಂದೇ ಸಲ.

ಪ್ಯಾನೆಲ್ (ಹಲವು ಟೆಸ್ಟ್‌ಗಳ ಗುಂಪು, ಎಲ್ಲಕ್ಕೂ ಒಂದೇ ಕೋಡ್) ಬಂದಾಗ ಸ್ವಲ್ಪ ನಿಧಾನಿಸಿ. 80076 ಅಂದರೆ ಹೆಪಾಟಿಕ್ ಫಂಕ್ಷನ್ ಪ್ಯಾನೆಲ್. ಇದರಲ್ಲಿ ಏಳು ಟೆಸ್ಟ್ ಇವೆ: ಆಲ್ಬುಮಿನ್, ಟೋಟಲ್ ಬಿಲಿರುಬಿನ್, ಡೈರೆಕ್ಟ್ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್, ಟೋಟಲ್ ಪ್ರೋಟೀನ್, ಎಎಲ್‌ಟಿ, ಎಎಸ್‌ಟಿ. ಜಿಜಿಟಿ ಇದರಲ್ಲಿಲ್ಲ. ಏಳೂ ಆಗಿದ್ದರೆ ಬಿಡಿಬಿಡಿಯಾಗಿ ಬಿಲ್ ಮಾಡುವಂತಿಲ್ಲ. ಆರೇ ಆಗಿದ್ದರೆ ಪ್ಯಾನೆಲ್ ಕೋಡ್ ಹಾಕುವಂತಿಲ್ಲ. ಅದೇ ದಿನ 14 ಟೆಸ್ಟ್‌ಗಳ ಮೆಟಬಾಲಿಕ್ ಪ್ಯಾನೆಲ್ 80053 ಕೂಡ ಆಗಿದ್ದರೆ? ಈ ಏಳರಲ್ಲಿ ಆರು ಅದರೊಳಗೇ ಇವೆ. ಉಳಿಯುವುದು ಡೈರೆಕ್ಟ್ ಬಿಲಿರುಬಿನ್ ಒಂದೇ, ಅದರ ಕೋಡ್ 82248. ಹಾಗಾಗಿ 80053 ಜೊತೆ 82248 ಹಾಕಿದರೆ ಆಯ್ತು.

ಇನ್ನು ‘ಯಾಕೆ’ ಅನ್ನುವ ಪ್ರಶ್ನೆ. ಇದಕ್ಕೆ ಉತ್ತರ ಐಸಿಡಿ-10 ಕೋಡ್, ಅಂದರೆ ರೋಗ ಅಥವಾ ಲಕ್ಷಣವನ್ನು ಹೇಳುವ ಕೋಡ್. ಆರ್ಡರ್‌ನಲ್ಲಿ ‘ಹೆಪಟೈಟಿಸ್ ಇರಬಹುದು, ನೋಡಿ’ ಅಂತ ಇದ್ದರೆ ಹೆಪಟೈಟಿಸ್ ಕೋಡ್ ಹಾಕಬೇಡಿ. ಹೊರರೋಗಿಗಳ ವಿಷಯದಲ್ಲಿ ಅನುಮಾನಕ್ಕೆ ಕೋಡ್ ಇಲ್ಲ. ರೋಗಿಗೆ ಏನಾಗುತ್ತಿತ್ತು ಅದಕ್ಕೆ ಕೋಡ್: ಕಾಮಾಲೆ ಇದ್ದರೆ ಆರ್17, ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವಿದ್ದರೆ ಆರ್10.11. ಹಿಂದಿನ ಟೆಸ್ಟ್‌ನಲ್ಲಿ ಎಎಲ್‌ಟಿ, ಎಎಸ್‌ಟಿ ಜಾಸ್ತಿ ಬಂದಿದೆ ಅಂತ ಡಾಕ್ಟರೇ ಬರೆದಿದ್ದರೆ ಆರ್74.01. ಮೊದಲು ಇದು ಬರೀ ಆರ್74.0 ಇತ್ತು, 2020ರ ಅಕ್ಟೋಬರ್ 1ರಿಂದ ಬದಲಾಗಿದೆ. ಹಳೇ ಚೀಟಿ ನೋಡಿಕೊಂಡು ಹಾಕಿದರೆ ಕ್ಲೇಮ್ ಮುಂದಕ್ಕೇ ಹೋಗುವುದಿಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತುಂಬಾ ದಿನದಿಂದ ತೆಗೆದುಕೊಳ್ಳುವವರ ಲಿವರ್ ಮೇಲೆ ಕಣ್ಣಿಡಲು ಟೆಸ್ಟ್ ಬರೆದಿದ್ದರೆ ಝಡ್79.899 ಕೂಡ ಸೇರಿಸಿ. ರಿಪೋರ್ಟ್‌ನಲ್ಲಿ ಅಂಕಿ ಜಾಸ್ತಿ ಕಂಡಿತು ಅಂತ ನಾವೇ ಆರ್74.01 ಹಾಕಿಬಿಡುವುದು ಮಾತ್ರ ಬೇಡ. ರೋಗದ ಮಾತು ಡಾಕ್ಟರ ಕಡೆಯಿಂದಲೇ ಬರಬೇಕು, ಅಲ್ವಾ?

ಜಿಜಿಟಿಗೆ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕ ಸರ್ಕಾರದ ಇನ್ಶೂರೆನ್ಸ್) 190.32 ಅನ್ನುವ ಪ್ರತ್ಯೇಕ ನಿಯಮವನ್ನೇ ಇಟ್ಟಿದೆ. ಯಾವ ಕಾರಣಕ್ಕೆ ಮಾಡಿದರೆ ದುಡ್ಡು ಅನ್ನುವ ಪಟ್ಟಿ ಅದರ ಜೊತೆಗಿದೆ. ನಿಮ್ಮ ಕಾರಣ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ರಕ್ತ ತೆಗೆಯುವ ಮೊದಲೇ ರೋಗಿಯಿಂದ ಎಬಿಎನ್ ಫಾರಂಗೆ (ಮೆಡಿಕೇರ್ ದುಡ್ಡು ಕೊಡದೇ ಇರಬಹುದು ಅಂತ ಮೊದಲೇ ತಿಳಿಸುವ ಪತ್ರ) ಸಹಿ ಹಾಕಿಸಿ, ಕ್ಲೇಮ್‌ನಲ್ಲಿ ಜಿಎ ಮಾಡಿಫೈಯರ್ (ಟೆಸ್ಟ್ ಕೋಡ್ ಪಕ್ಕ ಸೇರಿಸುವ ಎರಡಕ್ಷರದ ಗುರುತು) ಹಾಕಬೇಕು.

ಒಂದೇ ದಿನ ಅದೇ ಟೆಸ್ಟ್ ಮತ್ತೆ ಬೇಕು ಅಂತ ಡಾಕ್ಟರು ಬರೆದಿದ್ದರೆ ಮಾಡಿಫೈಯರ್ 91. ಆದರೆ ರಕ್ತಕಣ ಒಡೆದ ಸ್ಯಾಂಪಲ್‌ನಲ್ಲಿ ಎಎಸ್‌ಟಿ ಸುಮ್ಸುಮ್ನೆ ಏರುತ್ತದೆ. ಹಾಗಾಗಿ ಲ್ಯಾಬ್‌ನವರು ಮತ್ತೆ ಟೆಸ್ಟ್ ಮಾಡಿದರೆ ಅದು ಅವರ ಖರ್ಚು, ಎರಡನೇ ಬಿಲ್ ಇಲ್ಲ.

ಕ್ಲೇಮ್ ಕಳಿಸುವ ಸಿಎಂಎಸ್-1500 ಫಾರಂನಲ್ಲಿ ರೋಗದ ಕೋಡ್ 21ನೇ ಬಾಕ್ಸ್‌ಗೆ, ಟೆಸ್ಟ್ ಕೋಡ್ 24ಡಿಗೆ, ಎರಡನ್ನೂ ಜೋಡಿಸುವ ಅಕ್ಷರ 24ಇಗೆ. ಲ್ಯಾಬ್‌ನ ಕ್ಲಿಯಾ ನಂಬರ್ (ಲ್ಯಾಬ್‌ಗೆ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ನಂಬರ್) 23ಕ್ಕೆ. ಇದು ಬಿಟ್ಟುಹೋಗುವುದು ಜಾಸ್ತಿ.

ಇಷ್ಟಾದ ಮೇಲೂ ಕ್ಲೇಮ್ ಡಿನೈ ಆದರೆ, ಅಂದರೆ ದುಡ್ಡು ಕೊಡಲ್ಲ ಅಂದರೆ, ಕಾರಣದ ಕೋಡ್ ನೋಡಿ. 97 ಇದ್ದರೆ ಆ ಟೆಸ್ಟ್‌ನ ದುಡ್ಡು ಬೇರೆ ಕೋಡ್‌ನಲ್ಲೇ ಸೇರಿಹೋಗಿದೆ, ಪ್ಯಾನೆಲ್ ಲೆಕ್ಕ ಮತ್ತೆ ನೋಡಿ. 11 ಇದ್ದರೆ ರೋಗಕ್ಕೂ ಟೆಸ್ಟ್‌ಗೂ ತಾಳೆಯಾಗಿಲ್ಲ. 50 ಇದ್ದರೆ ಟೆಸ್ಟ್‌ನ ಅಗತ್ಯ ಅವರಿಗೆ ಒಪ್ಪಿಗೆಯಾಗಿಲ್ಲ. ಈ ಕೊನೆಯ ಎರಡಕ್ಕೂ ಕೋಡ್ ಬದಲಿಸುವ ಮೊದಲು ಕ್ಲಿನಿಕ್‌ನಿಂದ ಡಾಕ್ಟರ ನೋಟ್ಸ್ ತರಿಸಿಕೊಳ್ಳಿ. ಅದರಲ್ಲಿ ಬೇರೆ ಕಾರಣ ಬರೆದಿದ್ದರೆ ತಿದ್ದಿ ಕಳಿಸಿ. ಇಲ್ಲದಿದ್ದರೆ ಆ ನೋಟ್ಸ್ ಜೊತೆಗಿಟ್ಟು ಅಪೀಲ್ ಹಾಕಿ.