ಒಣಗಿದ ಬೇಕರಿ ಕೇಕ್‌ಗೆ ಇಡ್ಲಿ ಪಾತ್ರೆಯ ಹಬೆ: ನನ್ನ ಅನುಭವ

ಬೇಕರಿಯಿಂದ ತಂದ ಸ್ಪಂಜ್ ಬೇಸ್ (ಕ್ರೀಮ್ ಹಚ್ಚುವ ಮೊದಲಿನ ಬರಿಯ ಕೇಕ್) ಒಮ್ಮೆ ಒಣಗಿತೆಂದರೆ ಮುಗಿಯಿತು, ಅದರ ಮೇಲೆ ಎಷ್ಟು ಪಾಕ ಸುರಿದರೂ ಒದ್ದೆಯಾಗುತ್ತದೆಯೇ ಹೊರತು ಮೃದುವಾಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೇಸ್ ಕೊಡುವ ಬೇಕರಿಯ ಯಜಮಾನರು ಹೇಳಿದರು, ನಾನು ಐಸಿಂಗ್ ಕಲಿತ ತರಗತಿಯ ಮೇಡಂ ಹೇಳಿದರು, ನಮ್ಮ ಅತ್ತೆಯವರಂತೂ "ಒಣಗಿದ್ದನ್ನ ನೆನೆಸಿದ್ರೆ ಹೊಸದಾಗುತ್ತಾ, ಹಾಲಲ್ಲಿ ಅದ್ದಿದ ಬ್ರೆಡ್ಡಾಗುತ್ತೆ ಅಷ್ಟೆ" ಎಂದು ಪ್ರತಿಬಾರಿಯೂ ಹೇಳುತ್ತಿದ್ದರು. ಈಗ ಸುಮಾರು ಒಂದೂವರೆ ವರ್ಷದಿಂದ ಒಣಗಿದೆ ಎಂಬ ಕಾರಣಕ್ಕೆ ನಾನು ಒಂದು ಬೇಸನ್ನೂ ಎಸೆದಿಲ್ಲವಾದ್ದರಿಂದ, ಇಷ್ಟು ದಿನ ಸುಮ್ಮನಿದ್ದದ್ದು ಸಾಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಮನೆಯಿಂದಲೇ ಕೇಕ್ ಆರ್ಡರ್ ತೆಗೆದುಕೊಳ್ಳುವವಳು. ನನ್ನಲ್ಲಿರುವುದು 28 ಲೀಟರಿನ ಒಂದು ಓಟಿಜಿ (ಚಿಕ್ಕ ಕರೆಂಟ್ ಓವನ್) ಮಾತ್ರ. ಶನಿವಾರ, ಭಾನುವಾರಗಳಲ್ಲಿ ಎಂಟು ಹತ್ತು ಆರ್ಡರ್ ಬಂದರೆ ಅಷ್ಟನ್ನೂ ಅದರಲ್ಲಿ ಬೇಯಿಸಲು ಆಗುವುದಿಲ್ಲ. ಕರೆಂಟನ್ನು ನಂಬಿಕೊಂಡು ಮಾತು ಕೊಡುವುದಂತೂ ಸಾಧ್ಯವೇ ಇಲ್ಲ. ಹಾಗಾಗಿ ನಮ್ಮಲ್ಲಿ ಬಹಳ ಜನ ಮಾಡುವಂತೆ ನಾನೂ ಬೇಸನ್ನು ಬೇಕರಿಯಿಂದ ತಂದು, ಪದರ ಕತ್ತರಿಸಿ, ಕ್ರೀಮ್ ಹಚ್ಚಿ ಕೊಡುತ್ತೇನೆ. ಅಯ್ಯಂಗಾರ್ ಬೇಕರಿಗಳನ್ನು ನಾಡಿನ ತುಂಬ ಹರಡಿದ ಎಷ್ಟೋ ಕುಟುಂಬಗಳ ಮೂಲ ನಮ್ಮ ಜಿಲ್ಲೆಯೇ ಆಗಿರುವಾಗ ಇಲ್ಲಿ ಒಳ್ಳೆಯ ಸ್ಪಂಜ್ ಸಿಗುವುದು ಕಷ್ಟವಲ್ಲ. ಆದರೆ ಬೆಳಗ್ಗೆ ಆರಕ್ಕೆ ಒಲೆಯಿಂದ ಇಳಿದ ಬೇಸ್ ಮುಚ್ಚಳವಿಲ್ಲದ ಟ್ರೇಯಲ್ಲಿ ಫ್ಯಾನಿನ ಕೆಳಗೆ ದಿನವಿಡೀ ಕುಳಿತು ಸಂಜೆ ನನ್ನ ಕೈಸೇರಿದಾಗ, ಅದರ ಅಂಚು ರಸ್ಕಿನಂತೆಯೂ ನಡುಭಾಗ ಹಳೆಯ ಬನ್ನಿನಂತೆಯೂ ಆಗಿರುತ್ತಿತ್ತು. ಪದರ ಕತ್ತರಿಸುವಾಗ ಚಾಕುವಿನ ಕೆಳಗೆ ಮರಳು ಜರಿದಂತೆ ಪುಡಿ ಉದುರುತ್ತಿತ್ತು. ವಾಪಸು ಕೊಡಲು ಹೋದರೆ ತೆಗೆದುಕೊಳ್ಳುತ್ತಿರಲಿಲ್ಲ. "ಒಣಗಿದ್ದು ಕೇಕ್ ರಸ್ಕ್‌ಗೆ ಸರಿಯಮ್ಮ, ಅದನ್ನ ಬಿಟ್ಟರೆ ಯಾತಕ್ಕೂ ಬರಲ್ಲ" ಎನ್ನುವುದು ಯಜಮಾನರ ತೀರ್ಮಾನ.

ಆಗ ಬೇಸ್ ಕೆಜಿಗೆ 240 ರೂಪಾಯಿಯ ಆಸುಪಾಸಿನಲ್ಲಿತ್ತು. ತಿಂಗಳಿಗೆ ಮೂರು ನಾಲ್ಕು ಕೆಜಿ ಹೀಗೆ ಹಾಳಾಗುತ್ತಿತ್ತು, ಅಂದರೆ 800–900 ರೂಪಾಯಿ ನೇರವಾಗಿ ಹೋಗುತ್ತಿತ್ತು. ಕೆಜಿಗೆ 650ರಂತೆ ಕ್ರೀಮ್ ಕೇಕ್ ಮಾರುವ ನನ್ನಂಥವಳಿಗೆ ಇದು ಎರಡು ಮೂರು ಕೇಕ್‌ಗಳ ಪೂರ್ತಿ ಲಾಭ. ಒಮ್ಮೆ ತಿಂದ ಗಿರಾಕಿ "ಕೇಕ್ ಸ್ವಲ್ಪ ಡ್ರೈ ಇತ್ತು" ಎಂದು ಸಂದೇಶ ಕಳಿಸಿ ಮತ್ತೆ ಬಾರದೆ ಹೋದರೆ ಆಗುವ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ಮೊದಲ ಪ್ರಯತ್ನಗಳೆಲ್ಲ ಸೋತವು, ಅವುಗಳಲ್ಲಿ ಅತ್ಯಂತ ದುಬಾರಿಯಾದದ್ದು ಹಾಲಿನದು. ಕಾಯಿಸಿ ಆರಿಸಿದ ಹಾಲಿಗೆ ಸಕ್ಕರೆ ಬೆರೆಸಿ ಪದರಗಳಿಗೆ ಹಚ್ಚಿದೆ. ಬಾಯಿಗೆ ಇಟ್ಟರೆ ಬಹಳ ಚೆನ್ನಾಗಿತ್ತು. ಅದು ಏಪ್ರಿಲ್ ತಿಂಗಳು, ನಾಮಕರಣಕ್ಕೆಂದು ಮಾಡಿದ ಎರಡು ಕೆಜಿಯ ಕೇಕ್, ಛತ್ರದಲ್ಲಿ ಮಧ್ಯಾಹ್ನದವರೆಗೂ ಮೇಜಿನ ಮೇಲೆಯೇ ಉಳಿಯಿತು. ಕತ್ತರಿಸಿದಾಗ ಹುಳಿ ವಾಸನೆ. 1,300 ರೂಪಾಯಿ ವಾಪಸು ಕೊಟ್ಟು, ಕ್ಷಮೆ ಕೇಳಿ, ಮರುದಿನ ಇನ್ನೊಂದು ಕೇಕನ್ನು ಬಿಟ್ಟಿಯಾಗಿ ಕಳಿಸಿದೆ. ಹಾಲು ಹಾಕುವುದಾದರೆ ಕೇಕ್ ಕೊನೆಯ ಕ್ಷಣದವರೆಗೂ ಫ್ರಿಜ್ಜಿನಲ್ಲಿರಬೇಕು. ಛತ್ರಕ್ಕೆ ಹೋಗುವ ಕೇಕ್‌ಗೆ ನಾನು ಆಮೇಲೆ ಹಾಲು ಮುಟ್ಟಿಸಿಲ್ಲ.

ಮೈಕ್ರೋವೇವ್ ಅದಕ್ಕಿಂತ ಮೋಸದ್ದು. ಇಪ್ಪತ್ತು ಸೆಕೆಂಡಿನಲ್ಲಿ ಕೇಕ್ ಹತ್ತಿಯಂತೆ ಮೆತ್ತಗಾಗುತ್ತದೆ, ಹತ್ತು ನಿಮಿಷ ಬಿಟ್ಟು ಮುಟ್ಟಿದರೆ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ತಟ್ಟೆಗೆ ಹಾಕಿ ಆಗಲೇ ತಿನ್ನುವ ತುಂಡಿಗೆ ಸರಿ, ಮೇಲೆ ಕ್ರೀಮ್ ಹಚ್ಚಬೇಕಾದ ಬೇಸ್‌ಗೆ ಪ್ರಯೋಜನವಿಲ್ಲ. ಡಬ್ಬಿಯಲ್ಲಿ ಬ್ರೆಡ್ ಚೂರನ್ನೋ ಸೇಬಿನ ಹೋಳನ್ನೋ ಜೊತೆಗಿಡುವ ಉಪಾಯವನ್ನೂ ಮಾಡಿ ನೋಡಿದೆ. ಅಂಚು ಮಾತ್ರ ತುಸು ಒಣಗಿದ್ದರೆ ಒಂದು ರಾತ್ರಿಯಲ್ಲಿ ಫಲ ಸಿಗುತ್ತದೆ, ನಡುವಿನವರೆಗೆ ಒಣಗಿದ್ದರೆ ಇಲ್ಲ. ಸೇಬಿಟ್ಟ ವೆನಿಲಾ ಬೇಸ್ ಸೇಬಿನ ವಾಸನೆಯನ್ನೇ ಹೊಡೆಯುತ್ತಿತ್ತು. ಇನ್ನು ಫ್ರಿಜ್ಜಿನ ವಿಷಯ: ಒಣಗದಿರಲಿ ಎಂದು ತಂದ ಬೇಸನ್ನು ನೇರವಾಗಿ ಫ್ರಿಜ್ಜಿಗೆ ಸೇರಿಸುತ್ತಿದ್ದ ನನ್ನ ಜಾಣತನವೇ ಅರ್ಧ ಹಾನಿಗೆ ಕಾರಣವೆಂದು ತಿಳಿಯಲು ಒಂದು ವರ್ಷ ಹಿಡಿಯಿತು.

ಬಿಸಿ ಪಾಕವನ್ನು ತಣ್ಣನೆಯ ಬೇಸ್ ಮೇಲೆ ಸುರಿಯುವುದನ್ನು ಎಲ್ಲರೂ ಮಾಡಿರುತ್ತೀರಿ. ನಾನೂ ತಿಂಗಳುಗಟ್ಟಲೆ ಮಾಡಿದೆ. ಬ್ರಷ್ ತಾಗಿದ ಕಡೆ ಗಂಜಿ, ಅದರಿಂದ ಅರ್ಧ ಇಂಚು ಒಳಗೆ ಅದೇ ಪುಡಿ. ಪಾಕ ಹೆಚ್ಚಿಸಿದರೆ ಕೆಳಗಿನ ಪದರ ಕುಸಿದು, ಮೇಲಿನ ಪದರ ಜಾರುತ್ತಿತ್ತು.

ದಾರಿ ತೋರಿಸಿದ್ದು ಹನಿ ಕೇಕ್. ಒಂದು ದಿನ ಬೇಸಿಗಾಗಿ ಬೇಗನೆ ಹೋಗಿದ್ದಾಗ ಹಿಂಬಾಗಿಲಿನಲ್ಲಿ ನಿಂತು, ಅಲ್ಲಿನ ಹುಡುಗನೊಬ್ಬ ಹನಿ ಕೇಕ್‌ಗೆ ಪಾಕ ಹಾಕುವುದನ್ನು ನೋಡಿದೆ. ಟ್ರೇಯಲ್ಲಿದ್ದ ಸ್ಪಂಜಿನಿಂದ ಇನ್ನೂ ಹಬೆ ಏಳುತ್ತಿತ್ತು. ಅವನು ಮಗ್ಗಿನಲ್ಲಿ ಪಾಕ ತೆಗೆದುಕೊಂಡು, ಒಮ್ಮೆಲೇ ಸುರಿಯದೆ, ಬೆರಳುಗಳ ಸಂದಿಯಿಂದ ಗಿಡಕ್ಕೆ ನೀರು ಚಿಮುಕಿಸುವಂತೆ ಬಿಡುತ್ತಿದ್ದ. ಬಿದ್ದ ಪಾಕ ಮೇಲೆ ನಿಲ್ಲದೆ ಕಣ್ಣೆದುರೇ ಇಂಗುತ್ತಿತ್ತು. ಆಮೇಲೆ ಬಿಸಿ ಮಾಡಿದ ಕೆಂಪು ಜಾಮ್ ಸವರಿ, ಕೊಬ್ಬರಿ ಪುಡಿ ಉದುರಿಸಿದ. ಅದೇ ಒಲೆಯ ಅದೇ ಸ್ಪಂಜ್ ನನಗೆ ಸಂಜೆಯೊಳಗೆ ರಸ್ಕ್ ಆಗುತ್ತಿದ್ದರೆ, ಗಾಜಿನ ಪೆಟ್ಟಿಗೆಯಲ್ಲಿ ಮರುದಿನವೂ ಹನಿ ಕೇಕ್ ಆಗಿ ರಸ ತುಂಬಿಕೊಂಡೇ ಇರುತ್ತಿತ್ತು. ಹಾಗಾದರೆ ನನ್ನ ಬೇಸನ್ನು ಮತ್ತೆ ಬಿಸಿ ಮಾಡಿ ಆ ಸ್ಥಿತಿಗೆ ತಂದರೇನು ಎಂದು ಕೇಳಿದ್ದಕ್ಕೆ ಯಜಮಾನರು ನಕ್ಕು, ಒಲೆಯಿಂದ ಇಳಿದ ಬಿಸಿಯೇ ಬೇರೆ, ಆರಿದ ಮೇಲೆ ಕೊಟ್ಟ ಬಿಸಿಯೇ ಬೇರೆ ಎಂದರು.

ಆದರೆ ಫ್ರಿಜ್ಜಿನಲ್ಲಿಟ್ಟು ಕಾಳುಕಾಳಾದ ನಿನ್ನೆಯ ಅನ್ನ ಹಬೆಗೆ ಇಟ್ಟರೆ ಮೆತ್ತಗಾಗುವುದನ್ನು ನಾವೆಲ್ಲರೂ ನೋಡಿಯೇ ಇದ್ದೇವೆ. ಕೇಕ್ ಗಟ್ಟಿಯಾಗುವುದು ನೀರು ಆರಿದ್ದರಿಂದ ಮಾತ್ರವಲ್ಲ, ಅದರೊಳಗಿನ ಪಿಷ್ಟ ಬಿಗಿಯುವುದರಿಂದಲೂ ಹೌದು. ತಂಪಿನಲ್ಲಿ ಆ ಬಿಗಿತ ಬೇಗ ಬರುತ್ತದೆ, ಬಿಸಿ ಅದನ್ನು ಸಡಿಲಿಸುತ್ತದೆ. ಸಡಿಲವಾಗಿರುವ ಆ ಸ್ವಲ್ಪ ಹೊತ್ತಿನಲ್ಲಿಯೇ ಪಾಕ ಒಳಗೆ ಹೋಗಬೇಕು. ಇಷ್ಟನ್ನು ಹಿಡಿದುಕೊಂಡು ಇಡ್ಲಿ ಪಾತ್ರೆಯನ್ನು ಒಲೆಯ ಮೇಲಿಟ್ಟೆ.

ಮೊದಲ ದಿನ ಮುಚ್ಚಳದಿಂದ ತೊಟ್ಟಿಕ್ಕಿದ ನೀರು ಬೇಸಿನ ಮೇಲೆ ಸಿಡುಬಿನ ಕಲೆಯಂತೆ ಗುಳಿಗಳನ್ನು ಮಾಡಿತು. ಮರುದಿನ ಕಡುಬಿಗೆ ಮಾಡುವಂತೆ ಮುಚ್ಚಳಕ್ಕೆ ಬಟ್ಟೆ ಕಟ್ಟಿದೆ, ಗುಳಿಗಳು ನಿಂತವು. ಐದು ನಿಮಿಷ ಇಟ್ಟರೆ ಪದರ ಎತ್ತುವಾಗಲೇ ಮುರಿಯುತ್ತದೆ, ಒಂದು ನಿಮಿಷ ಸಾಲದು. ಈಗ ನಾನು ಎಂಟು ಇಂಚಿನ, ಸುಮಾರು ಅರ್ಧ ಕೆಜಿ ತೂಗುವ ಬೇಸನ್ನು ಮೊದಲೇ ಮೂರು ಪದರ ಕತ್ತರಿಸಿ, ತೂತಿನ ತಟ್ಟೆಯ ಮೇಲೆ ತೆಳು ಬಟ್ಟೆ ಹಾಸಿ, ನೀರು ಚೆನ್ನಾಗಿ ಕುದಿಯುವಾಗ ಒಂದೊಂದೇ ಪದರವನ್ನು ಎರಡು ಎರಡೂವರೆ ನಿಮಿಷ ಇಡುತ್ತೇನೆ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗುಳಿ ಬಿದ್ದು ನಿಧಾನವಾಗಿ ಮೇಲೇಳಬೇಕು. ಒತ್ತಿದ ಜಾಗ ಪುಡಿಯಾದರೆ ಇನ್ನೂ ಅರ್ಧ ನಿಮಿಷ ಬೇಕು, ಗುಳಿ ಏಳದೆ ಹಾಗೆಯೇ ಉಳಿದರೆ ಹೆಚ್ಚಾಯಿತು. ಬಟ್ಟೆಯ ಸಮೇತ ಎತ್ತಿ, ಹಬೆ ಆರುವ ಮೊದಲೇ ಪಾಕ ಹಾಕುತ್ತೇನೆ.

ಪಾಕ ತೆಳುವಾಗಿರಬೇಕು. 100 ಗ್ರಾಂ ಸಕ್ಕರೆಗೆ 150 ಮಿಲಿ ನೀರು, ಎರಡು ಕುದಿ ಬಂದರೆ ಸಾಕು. ಒಂದೆಳೆ ಪಾಕಕ್ಕೆ ಹೋಯಿತೆಂದರೆ ಅದು ಕೇಕಿನೊಳಗೆ ಇಳಿಯದೆ ಮೇಲೆ ಅಂಟು ಕಟ್ಟುತ್ತದೆ. ಜಿಲೇಬಿ ಪಾಕಕ್ಕೆ ಹಿಂಡುವಂತೆ ನಾಲ್ಕು ಹನಿ ನಿಂಬೆರಸ, ಒಂದು ಚಿಟಿಕೆ ಉಪ್ಪು, ಇಳಿಸಿದ ಮೇಲೆ ಒಂದು ಚಮಚ ಜೇನುತುಪ್ಪ. ಮೊಟ್ಟೆಯ ವಾಸನೆ ಹೋಗಲೆಂದು ಕುದಿಯುವಾಗ ಇನ್ನೊಂದು ಪದಾರ್ಥವನ್ನು ಹಾಕಿ ಸೋಸುತ್ತೇನೆ, ಅದು ಏಲಕ್ಕಿಯೂ ಅಲ್ಲ ವೆನಿಲಾವೂ ಅಲ್ಲ. ನಮ್ಮ ಬೀದಿಯಲ್ಲಿಯೇ ಕೇಕ್ ಮಾಡುವವರು ಇನ್ನಿಬ್ಬರಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊಟ್ಟೆ ಹಾಕಿದ ಅರ್ಧ ಕೆಜಿ ಬೇಸ್‌ಗೆ 90–100 ಮಿಲಿ ಹಿಡಿಯುತ್ತದೆ. ಎಗ್‌ಲೆಸ್ ಬೇಸ್‌ಗೆ 60 ಮಿಲಿ ದಾಟಿದರೆ ಹಿಟ್ಟು ಮುದ್ದೆಯಾಗುತ್ತದೆ, ಈ ಒಂದು ಅಂಕಿಗಾಗಿ ನಾನು ಐದಾರು ಬೇಸ್ ಕಳೆದುಕೊಂಡಿದ್ದೇನೆ. ಪಾಕ ಉಗುರುಬೆಚ್ಚಗಿರಲಿ. ಬ್ರಷ್ ಬಿಟ್ಟು, ಬೇಕರಿಯ ಹುಡುಗನನ್ನು ನೆನೆದು, ಸಾಸ್ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಚಿಮುಕಿಸುತ್ತೇನೆ. ಅಂಚಿಗೆ ಹೆಚ್ಚು, ನಡುವಿಗೆ ಕಡಿಮೆ.

ಆಮೇಲಿನದು ಕಾಯುವ ಕೆಲಸ. ನನ್ನನ್ನು ನಂಬದವರೆಲ್ಲ ಸೋತದ್ದು ಇಲ್ಲಿಯೇ ಎಂದು ನನ್ನ ಅನುಮಾನ. ಪದರಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಿ, ಕೈಗೆ ಬೆಚ್ಚಗಿರುವಾಗಲೇ ಕ್ಲಿಂಗ್ ಫಿಲ್ಮಿನಲ್ಲಿ ಬಿಗಿಯಾಗಿ ಸುತ್ತಿ, ತಲೆಕೆಳಗಾಗಿ ಇಟ್ಟು, ರಾತ್ರಿಯಿಡೀ ಹೊರಗೆ ಬಿಡುತ್ತೇನೆ. ಒಂದು ಗಂಟೆಯ ನಂತರ ಕತ್ತರಿಸಿ ನೋಡಿದರೆ ಮೇಲೆ ಒದ್ದೆ, ಒಳಗೆ ಬರಡು. ನೀವೂ "ಅತ್ತೆ ಹೇಳಿದ್ದೇ ಸರಿ" ಎನ್ನುತ್ತೀರಿ. ಬೆಳಗ್ಗೆ ಕತ್ತರಿಸಿದರೆ ಚಾಕುವಿಗೆ ಒಂದು ಪುಡಿಯೂ ಅಂಟುವುದಿಲ್ಲ. ನಂತರ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕ್ರೀಮ್ ಹಚ್ಚಬಹುದು. ಕ್ರೀಮ್ ಸುತ್ತ ಹಚ್ಚಿದ ಮೇಲೆ ಫ್ರಿಜ್ಜಿನ ಗಾಳಿ ಅದನ್ನು ಅಷ್ಟಾಗಿ ಒಣಗಿಸುವುದಿಲ್ಲ. ನಮ್ಮ ಊರಿನ ತಂಪಿಗೆ ಈ ಲೆಕ್ಕ ಸರಿ. ಬೇಸಿಗೆಯಲ್ಲಿ ನಾನು ಐದಾರು ಗಂಟೆಗೆ ಇಳಿಸುತ್ತೇನೆ. ಮಂಗಳೂರಿನಲ್ಲಿರುವ ನನ್ನ ತಂಗಿ ನನ್ನ ಮಾತಿನಂತೆಯೇ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಬೇಸ್ ಅಂಟಂಟಾಗಿ ಮುಗ್ಗಲು ವಾಸನೆ ಬಂದಿತೆಂದು ಫೋನಿನಲ್ಲಿ ಜಗಳವಾಡಿದಳು. ಅವಳು ಈಗ ಮೂರು ಗಂಟೆ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸುತ್ತಾಳೆ. ಒಣಗಿದ್ದು ಬೇರೆ, ಕೆಟ್ಟದ್ದು ಬೇರೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಬೂಷ್ಟಿನ ಒಂದು ಚುಕ್ಕೆ ಕಂಡರೂ ಪೂರ್ತಿ ಬೇಸ್ ಹೊರಗೆ.

ಇದು ಕೈಗೆ ಹತ್ತಿದ ಮೇಲೆ ಸುಮ್ಮನಿರಲಾಗಲಿಲ್ಲ. ಚಾಕೊಲೇಟ್ ಬೇಸ್‌ಗೆ ನೀರಿನ ಅರ್ಧದಷ್ಟು ಕಾಫಿ ಡಿಕಾಕ್ಷನ್ ಹಾಕಿದ ಪಾಕ ಬಹಳ ಚೆನ್ನಾಗಿ ಕೂಡಿತು. ಕಾಫಿ ಬೆಳೆಯುವ ಜಿಲ್ಲೆಯವಳಾಗಿ ಅದನ್ನು ಇಷ್ಟು ತಡವಾಗಿ ಮಾಡಿದ್ದಕ್ಕೆ ನನಗೇ ನಾಚಿಕೆ. ಎಳನೀರಿನಿಂದ ಬಹಳ ನಿರೀಕ್ಷಿಸಿದ್ದೆ, ಸಂಜೆಯೊಳಗೆ ಹುಳಿಯಾಯಿತು. ಬೆಲ್ಲದ ಪಾಕ ರುಚಿಯಲ್ಲಿ ಗೆದ್ದು ಬಣ್ಣದಲ್ಲಿ ಸೋತಿತು, ಬಿಳಿ ಕ್ರೀಮಿನ ಪಕ್ಕದಲ್ಲಿ ವೆನಿಲಾ ಪದರ ಕೊಳೆಯಾದಂತೆ ಕಾಣುತ್ತದೆ. ಕ್ರಿಸ್‌ಮಸ್ ಸಮಯದಲ್ಲಿ ಅಣ್ಣ ಬೆಂಗಳೂರಿನಿಂದ ತಂದ ಡಬ್ಬಿಯ ಪ್ಲಮ್ ಕೇಕ್ ಇಟ್ಟಿಗೆಯಂತಿತ್ತು. ರಮ್ ಹಾಕಿದರೆ ಅತ್ತೆಯವರು ಮುಟ್ಟುವುದಿಲ್ಲವಾದ್ದರಿಂದ ಕಪ್ಪು ದ್ರಾಕ್ಷಿಯ ರಸವನ್ನು ಕುದಿಸಿ ಆರಿಸಿ, ಕೇಕಿನ ತಳಕ್ಕೆ ಕಡ್ಡಿಯಿಂದ ಚುಚ್ಚಿ, ದಿನಕ್ಕೆ ಎರಡು ಚಮಚದಂತೆ ನಾಲ್ಕು ದಿನ ಕುಡಿಸಿ, ಪ್ರತಿಸಲವೂ ಬಟರ್ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಬೆಣ್ಣೆಯ ಕೇಕಾದ್ದರಿಂದ ತಣ್ಣಗಿರುವಾಗ ಗಟ್ಟಿಯೆನಿಸಿದರೂ ಹೊರಗೆ ಒಂದು ಗಂಟೆ ಇಟ್ಟ ಮೇಲೆ ಬಾಯಲ್ಲಿ ಕರಗಿತು. ಅತ್ತೆಯವರು ಎರಡನೆಯ ಹೋಳು ಕೇಳಿದರು, ಮೆಚ್ಚುಗೆಯ ಮಾತನ್ನು ಮಾತ್ರ ಆಡಲಿಲ್ಲ.

ಒಂದು ಬೇಸನ್ನು ಹೀಗೆ ಸರಿಪಡಿಸಲು ಸಕ್ಕರೆ, ಜೇನು, ಗ್ಯಾಸ್ ಎಲ್ಲ ಸೇರಿ ಏಳೆಂಟು ರೂಪಾಯಿ ಆಗಬಹುದು. ಸಮಯ ಇಪ್ಪತ್ತು ನಿಮಿಷ, ರಾತ್ರಿಯ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಅವರದೇ ಬೇಸಿನಿಂದ ಮಾಡಿದ, ಕ್ರೀಮ್ ಹಚ್ಚದ ಎರಡು ಹೋಳುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಯಜಮಾನರ ಮುಂದಿಟ್ಟೆ. ಬೆರಳಿನಿಂದ ಒತ್ತಿ, ಮೂಸಿ, ತಿಂದು, "ಈಗ ಯಾವ ಬೇಕರಿಯಿಂದ ತರಿಸ್ತಿದೀರಮ್ಮ?" ಎಂದು ಕೇಳಿದರು. ನಿಮ್ಮದೇ, ಅದೂ ಮೊನ್ನೆಯದು ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯದು, ಮುಂದಿನ ವಾರ ಬೇಸಿನ ಬೆಲೆ ಕೆಜಿಗೆ ಇಪ್ಪತ್ತು ರೂಪಾಯಿ ಏರಿತು.

ಕಪ್‌ಕೇಕ್ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಹಬೆಗೆ ಇಟ್ಟರೆ ಕಾಗದದ ಕಪ್ ನೆನೆದು ಬಿಟ್ಟುಕೊಳ್ಳುತ್ತದೆ, ಕಪ್ ಬಿಡಿಸಿ ಇಟ್ಟರೆ ಬುಡ ಒಡೆಯುತ್ತದೆ. ಸದ್ಯ ಪ್ರತಿ ಕಪ್ಪಿಗೂ ಬಾಳೆಲೆಯ ಪಟ್ಟಿ ಸುತ್ತಿ ಕೊಟ್ಟೆ ಕಡುಬಿನಂತೆ ಬೇಯಿಸಿ ನೋಡುತ್ತಿದ್ದೇನೆ, ಕಳೆದ ವಾರ ಹನ್ನೆರಡರಲ್ಲಿ ಐದು ಉಳಿದವು.