ಏಪ್ರಿಲ್ 30ರ ಪಟ್ಟಿ ಮತ್ತು ನಮ್ಮ ಖಜಾಂಚಿಯ ಕೆಲಸ: ನನ್ನ ಅನುಭವ

ವಜಾ ಆಗಿದ್ದ ನಮ್ಮ ಯೂನಿಯನ್ ಖಜಾಂಚಿ ಮತ್ತೆ ಕೆಲಸಕ್ಕೆ ಬಂದು ಪಂಚ್ ಮಾಡುತ್ತಿದ್ದಾರೆ. ಮುಷ್ಕರದ ಬದಲು ಕಾನೂನಿನ ದಾರಿ ಹಿಡಿದಾಗ ನಮ್ಮವರೇ ನಕ್ಕಿದ್ದರು. 1980-81ರ ಬೆಂಗಳೂರು ಸಾರ್ವಜನಿಕ ಉದ್ಯಮಗಳ 77 ದಿನದ ಮುಷ್ಕರ ಕಂಡ ಹಿರಿಯರೊಬ್ಬರಂತೂ "ಗೇಟಿನಲ್ಲಿ ಆಗದ್ದು ನಿನ್ನ ಕಾಗದದಲ್ಲಿ ಆಗುತ್ತೇನೋ?" ಅಂದಿದ್ದರು. ಆಯಿತು ನೋಡಿ.

ನಮ್ಮದು ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆ. ಇದೆಲ್ಲ ಹಳೇ ಕೈಗಾರಿಕಾ ವಿವಾದ ಕಾಯ್ದೆ ಇದ್ದಾಗಿನ ಕಥೆ. 2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ, ವಿವಾದ ಬಾಕಿ ಇರುವಾಗ ಕಾರ್ಮಿಕರಿಗೆ ರಕ್ಷಣೆ ಕೊಡುವ ಸೆಕ್ಷನ್ 33 ಹೋಗಿ 90 ಆಗಿದೆ.

ವಿವಾದ ಬಾಕಿ ಇರುವಾಗ ಅನುಮತಿ ಇಲ್ಲದೆ ವಜಾ ಮಾಡಲಾಗದ ಪದಾಧಿಕಾರಿಗಳ, ಅಂದರೆ ಪ್ರೊಟೆಕ್ಟೆಡ್ ವರ್ಕ್‌ಮನ್ ಪಟ್ಟಿಯನ್ನು ಏಪ್ರಿಲ್ 30ರೊಳಗೆ ಎಲ್ಲ ಯೂನಿಯನ್‌ಗಳೂ ಕೊಡುತ್ತವೆ. ಮ್ಯಾನೇಜ್‌ಮೆಂಟ್ 15 ದಿನದಲ್ಲಿ ಉತ್ತರ ಕೊಡಬೇಕು. ಕೊಡುವುದಿಲ್ಲ. ನಾವೂ ಸುಮ್ನೆ ಕೂರುತ್ತೇವೆ. ಆಮೇಲೆ ಕೇಸ್ ಬಂದಾಗ "ನಾವು ಮಾನ್ಯ ಮಾಡಿಯೇ ಇಲ್ಲ" ಅನ್ನುತ್ತಾರೆ. ನಾವು ಹದಿನಾರನೇ ದಿನವೇ ಕೇಂದ್ರ ನಿಯಮಗಳ 61(4)ರಲ್ಲಿ ಯಶವಂತಪುರದ ಶ್ರಮ ಸದನದಲ್ಲಿರುವ ಸಹಾಯಕ ಕಾರ್ಮಿಕ ಆಯುಕ್ತರಿಗೆ (ಎಎಲ್‌ಸಿ) ಅರ್ಜಿ ಹಾಕಿದೆವು. ಅಲ್ಲಿ ಎಎಲ್‌ಸಿ ಹೇಳಿದ್ದೇ ಕೊನೆ. ಸುಮಾರು 900 ಕಾರ್ಮಿಕರು, ಈ ರಕ್ಷಣೆ ಶೇ 1ಕ್ಕೆ ಮಾತ್ರ, ಅಂದರೆ ಒಂಬತ್ತು ಹೆಸರು. ಇನ್ನೊಂದು ಯೂನಿಯನ್ ಪಾಲು ಕಳೆದು ನಮಗೆ ಆರು ಸಿಕ್ಕಿತು. ಟಪಾಲು ಗುಮಾಸ್ತ ಸೀಲ್ ಒತ್ತಲು ತಕರಾರು ಮಾಡಿದರೆ ಜಗಳ ಬೇಡ, ಅಲ್ಲೇ ಫೋಟೋ ತೆಗೆದು, ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್ ಕೂಡ ಹಾಕಿ.

ಆದರೆ ಪಟ್ಟಿಯೊಂದೇ ಸಾಲದು. ಇದನ್ನು ಕಲಿಸಿದ್ದು ನಮ್ಮ ಜಂಟಿ ಕಾರ್ಯದರ್ಶಿಯ ಕೇಸ್. ಅವರ ಹೆಸರು ಪಟ್ಟಿಯಲ್ಲಿತ್ತು. ಆದರೆ ಎಎಲ್‌ಸಿ ಮುಂದಿನ ಸಂಧಾನ ಮುರಿದು, ಫೇಲ್ಯೂರ್ ರಿಪೋರ್ಟ್ ದೆಹಲಿಯ ಕಾರ್ಮಿಕ ಸಚಿವಾಲಯ ತಲುಪಿ, ವಿವಾದ ಕೈಗಾರಿಕಾ ನ್ಯಾಯಮಂಡಳಿಗೆ, ಅಂದರೆ ಟ್ರಿಬ್ಯೂನಲ್‌ಗೆ ಇನ್ನೂ ರೆಫರ್ ಆಗಿರಲಿಲ್ಲ. ಆ ನಡುವೆ ಕಾನೂನಿನ ಲೆಕ್ಕದಲ್ಲಿ ಯಾವ ವಿವಾದವೂ ಬಾಕಿ ಇಲ್ಲ, ಹಾಗಾಗಿ ಅನುಮತಿಯೂ ಬೇಕಿಲ್ಲ. ಸರಿಯಾಗಿ ಆಗಲೇ ಡಿಸ್ಮಿಸ್ ಮಾಡಿದರು. ಸಂಧಾನಕ್ಕೆ ಅರ್ಜಿ ಹಾಕಿ 45 ದಿನ ಕಾದು, ವಜಾ ಆದವರೇ ಹೋಗಬಹುದಾದ ಸೆಕ್ಷನ್ 2ಎ ಅಡಿ ನೇರವಾಗಿ ಟ್ರಿಬ್ಯೂನಲ್‌ಗೆ ಹೋದೆವು. ಲಕ್ಷದ ಮೇಲೆ ಖರ್ಚಾಗಿದೆ, ಇನ್ನೂ ಎಳೆಯುತ್ತಿದೆ.

ಆಮೇಲಿಂದ ಒಂದು ವಿವಾದ ಮುಗಿಯುವ ಮೊದಲೇ ಇನ್ನೊಂದನ್ನು ಟ್ರಿಬ್ಯೂನಲ್‌ಗೆ ತಲುಪಿಸಿಟ್ಟುಕೊಳ್ಳುತ್ತೇವೆ. ಎಎಲ್‌ಸಿ ಮುಂದಿರುವುದಕ್ಕಿಂತ ಟ್ರಿಬ್ಯೂನಲ್‌ನಲ್ಲಿರುವುದು ಗಟ್ಟಿ, ಯಾಕೆಂದರೆ 33 ಮುರಿದಾಗ ಕೊಡುವ 33ಎ ದೂರನ್ನು ವಿಚಾರಣೆ ಮಾಡಿ ತೀರ್ಪು ಕೊಡುವುದು ಅದೇ. ಯಾವ ಬೇಡಿಕೆ ಜಾಸ್ತಿ ದಿನ ಬಾಳುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಎಚ್‌ಆರ್‌ನವರೂ ಓದುತ್ತಾರೆ ಅಲ್ವಾ.

ಖಜಾಂಚಿಗೆ ಚಾರ್ಜ್‌ಶೀಟ್ ಬಂದಾಗ ಪಟ್ಟಿಯಲ್ಲಿ ಹೆಸರು, ಬಾಕಿ ವಿವಾದ ಎರಡೂ ಸಿದ್ಧವಿದ್ದವು. ಮ್ಯಾನೇಜ್‌ಮೆಂಟ್ ಎನ್‌ಕ್ವೈರಿ ಮುಗಿಸಿ ಅನುಮತಿ ಕೇಳದೆ ವಜಾ ಮಾಡಿತು. "ಈ ದುರ್ನಡತೆಗೂ ಬಾಕಿ ಇರುವ ವಿವಾದಕ್ಕೂ ಸಂಬಂಧವಿಲ್ಲ" ಅಂತ ಅವರ ವಾದ. ಆದರೆ ಪಟ್ಟಿಯಲ್ಲಿರುವವರಿಗೆ ಅನ್ವಯಿಸುವ 33(3)ರಲ್ಲಿ ಸಂಬಂಧ ಇದ್ದರೂ ಇಲ್ಲದಿದ್ದರೂ ಮುಂಚಿತ ಲಿಖಿತ ಅನುಮತಿ ಬೇಕೇ ಬೇಕು. ಒಪ್ಪಿಗೆ ಪಡೆಯದ ವಜಾ ನಿಲ್ಲುವುದಿಲ್ಲ ಅಂದ ಜೈಪುರದ ಭೂ ಅಭಿವೃದ್ಧಿ ಬ್ಯಾಂಕಿನ 2002ರ ಸುಪ್ರೀಂ ಕೋರ್ಟ್ ತೀರ್ಪು ಉಳಿದ ಕಾರ್ಮಿಕರ 33(2)(ಬಿ)ಗೆ ಸೇರಿದ್ದು, ಆದರೂ ಅದನ್ನೇ ಹಿಡಿದು ವಾದಿಸಿದೆವು. ಗೆದ್ದೆವು. ಅವರು ಹೈಕೋರ್ಟಿಗೆ ಹೋದರು, ಅಲ್ಲಿ ಕೇಸ್ ಮುಗಿಯುವವರೆಗೆ ಸಂಬಳ ಕೊಡಿಸುವ 17ಬಿ ಅರ್ಜಿಯನ್ನು ನಾವು ಹಾಕಿದೆವು. ಮನೆಯಲ್ಲಿ ಕೂರಿಸಿ ತಿಂಗಳು ತಿಂಗಳು ಸಂಬಳ ಕೊಡುವುದಕ್ಕಿಂತ ಕೆಲಸಕ್ಕೆ ತಗೊಳ್ಳುವುದೇ ಲಾಭ ಅಂತ ಕೊನೆಗೆ ಅವರಿಗೇ ಅನ್ನಿಸಿತು. ನಮಗೆ ಆದ ಖರ್ಚು ನಲವತ್ತು ಸಾವಿರದ ಆಸುಪಾಸು. ಟ್ರಿಬ್ಯೂನಲ್‌ನಲ್ಲಿ ವಕೀಲರಿಲ್ಲದೆ ನಾನೇ ವಾದಿಸಿದೆ, ಹೇಳಿಕೊಳ್ಳದೆ ಇರಲಾರೆ.

ಸಂಬಳದ್ದು ಇದಕ್ಕಿಂತ ನಾಜೂಕು. ಯೂನಿಯನ್ ಮಾಡಿದವರಿಗೆ ಬಡ್ತಿ ತಡ, ಇನ್ಕ್ರಿಮೆಂಟ್ ಕಡಿಮೆ, ಆದರೆ ಯಾವ ಆರ್ಡರ್‌ನಲ್ಲೂ ಹಾಗಂತ ಬರೆದಿರುವುದಿಲ್ಲ. ಮೊದಲ ಆರ್‌ಟಿಐನಲ್ಲಿ ಹೆಸರು ಹೆಸರಿನ ಮೌಲ್ಯಮಾಪನ ವರದಿ ಕೇಳಿದ್ದಕ್ಕೆ ವೈಯಕ್ತಿಕ ಮಾಹಿತಿ ಅಂತ 8(1)(ಜೆ) ತೋರಿಸಿ ತಳ್ಳಿಹಾಕಿದರು. ಮತ್ತೆ ಹತ್ತು ರೂಪಾಯಿ ಕಟ್ಟಿ ಹೆಸರಿಲ್ಲದೆ ಕೇಳಿದೆವು: ಸೇರಿದ ವರ್ಷ, ಗ್ರೇಡ್, ಬಡ್ತಿಯ ತಾರೀಕು, ಅಷ್ಟೇ. ಬಂತು. ಒಂದೇ ಬ್ಯಾಚಿನ ಫಿಟ್ಟರ್‌ಗಳನ್ನು ಎಕ್ಸೆಲ್‌ನಲ್ಲಿ ಜೋಡಿಸಿದಾಗ ಪದಾಧಿಕಾರಿಗಳು ಮೂರು ವರ್ಷದಷ್ಟು ಹಿಂದೆ ಉಳಿದಿದ್ದು ಕಂಡಿತು. ತಿಂಗಳಿಗೆ ಎರಡೂವರೆ, ಮೂರು ಸಾವಿರದ ವ್ಯತ್ಯಾಸ. ಪಕ್ಕದ ಶಾಪ್‌ನ ಗೆಳೆಯರು ಇದೇ ಪಟ್ಟಿ ಇಟ್ಟುಕೊಂಡು ರಾತ್ರಿ ಪಾಳಿ ಯಾರಿಗೆ ಜಾಸ್ತಿ ಬೀಳುತ್ತದೆ ಅಂತಲೂ ನೋಡಿದರು. ಅದರಲ್ಲಿ ಏನೂ ಸಿಗಲಿಲ್ಲ.

ಬರಬೇಕಾದ ಹಣ ಕೇಳುವ 33ಸಿ(2) ಅರ್ಜಿ ಬೇಗ ಆಗುತ್ತದೆ ಅಂತ ಅದನ್ನು ಹಾಕಿದ್ದೆವು. "ಮೊದಲು ಹಕ್ಕು ತೀರ್ಮಾನವಾಗಲಿ, ಆಮೇಲೆ ಲೆಕ್ಕ" ಅಂತ ವಜಾ ಆಯಿತು. ಕೊನೆಗೆ ಕಾಯ್ದೆಯ ಐದನೇ ಅನುಸೂಚಿಯ ಅನುಚಿತ ಕಾರ್ಮಿಕ ಪದ್ಧತಿ ಅಂತ ವಿವಾದ ಎತ್ತಿ, ಎಕ್ಸೆಲ್ ಪಟ್ಟಿಯನ್ನು ಎಎಲ್‌ಸಿ ಮೇಜಿನ ಮೇಲಿಟ್ಟೆವು. ಯೂನಿಯನ್ ಚಟುವಟಿಕೆಗಾಗಿ ಬಡ್ತಿ ತಪ್ಪಿಸುವುದು ಅಲ್ಲಿ ನೇರವಾಗಿ ಬರೆದಿದೆ. 12(3) ಸೆಟ್ಲ್‌ಮೆಂಟ್, ಅಂದರೆ ಸಂಧಾನದಲ್ಲಿ ಒಪ್ಪಂದ ಆಯಿತು: ಬಡ್ತಿ ಹಿಂದಿನ ತಾರೀಕಿನಿಂದ, ಅರಿಯರ್ಸ್ ಮುಕ್ಕಾಲು ಪಾಲು. ಪೂರ್ತಿಗೆ ಹಟ ಹಿಡಿದಿದ್ದರೆ ಇನ್ನೂ ಕೋರ್ಟಲ್ಲೇ ಇರುತ್ತಿದ್ದೆವು ಅಂತ ನನ್ನ ಅಭಿಪ್ರಾಯ.

ಹೀಗೆ ಬಡ್ತಿ ಸಿಕ್ಕ ಪದಾಧಿಕಾರಿಗಳಲ್ಲಿ ಒಬ್ಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಕೊನೆಯ ಸಂಬಳ ಬದಲಾದ ಮೇಲೆ ಗ್ರಾಚ್ಯುಟಿಯೂ ಬದಲಾಗಬೇಕು. ಆ ಅರ್ಜಿಯನ್ನು ಈಗ ಬರೆಯುತ್ತಿದ್ದೇನೆ.