ಎಡಗಡೆ ಖಾಲಿ ಬಿಟ್ಟೆ, ಕಯಾಕ್ ಮಗುಚಿದರೂ ಸಾಮಾನು ಉಳಿಯಿತು

ಗಾಳ ಹಾಕಲು ಹೋಗುವ ಕಯಾಕಿನ (ಹುಟ್ಟು ಹಾಕುವ ಸಣ್ಣ ದೋಣಿ) ಎಡಗಡೆ ಒಂದು ಕ್ಲಿಪ್ಪನ್ನೂ ಇಡಬೇಡಿ. ರಾಡ್ (ಗಾಳದ ಕೋಲು) ಹೋಲ್ಡರ್, ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರ್, ಇಕ್ಕಳ, ಕೈಬಲೆ ಎಲ್ಲಾ ಬಲಕ್ಕೆ ಹೋಗಲಿ. ನಾನು ಹೀಗೆ ಮಾಡ್ತೇನೆ ಅಂದಾಗ ನಮ್ಮ ಕಡೆಯ ಗಾಳದವರು ಯಾರೂ ಒಪ್ಪಲಿಲ್ಲ. "ಒಂದೇ ಕಡೆ ಭಾರ ಹಾಕಿದ್ರೆ ಮಗುಚದೆ ಇನ್ನೇನಾಗುತ್ತೆ?" ಎಂದರು. ಎಲ್ಲದಕ್ಕೂ ಹಗ್ಗ ಕಟ್ಟುತ್ತೇನೆ ಎಂದಾಗಲಂತೂ ಬೈದೇ ಬಿಟ್ಟರು, ಕಾಲಿಗೆ ಸಿಕ್ಕಿಕೊಂಡು ಮುಳುಗ್ತೀಯ ಅಂತ. ಈ ಸೀಸನ್‌ನಲ್ಲಿ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ ಅಳಿವೆಯಲ್ಲಿ ಪೂರ್ತಿ ಸಾಮಾನಿನ ಸಮೇತ ಮಗುಚಿದೆ. ಮತ್ತೆ ಹತ್ತಿ ಕೂತು ಅದೇ ಬೆಳಿಗ್ಗೆ ಮೀನು ಹಿಡಿದುಕೊಂಡು ಬಂದೆ. ಈಗ ಬೈದವರೇ ಫೋನ್ ಮಾಡಿ ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ವಿಷಯ ಹೇಳ್ತೇನೆ. ಎರಡು ವರ್ಷದ ಹಿಂದೆ ಇದೇ ಅಳಿವೆ ನನ್ನಿಂದ ಎರಡು ರಾಡ್, ಎರಡು ರೀಲ್, ಲೂರ್ (ನಕಲಿ ಮೀನಿನ ಗಾಳ) ಡಬ್ಬಿ, ಫೋನು ಕಿತ್ತುಕೊಂಡಿತ್ತು. ಲೂರ್‌ಗಳೇ ಒಂದೊಂದು 600ರಿಂದ 900 ರೂಪಾಯಿ. ಎಲ್ಲಾ ಸೇರಿ ಸುಮಾರು 32,000. ಕಯಾಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದೇ 38,000ಕ್ಕೆ!

ಆ ಜಾಗ ಗೊತ್ತಿರುವವರಿಗೆ ಗೊತ್ತು. ಸೀತಾ, ಸ್ವರ್ಣಾ ಎರಡೂ ಅಲ್ಲೇ ಕಡಲು ಸೇರುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತದ ನೀರು ಜೋರಾಗಿ ಹೊರಗೆ ಓಡುತ್ತದೆ. ಎದುರಿನಿಂದ ತೆರೆ ಬಂದರೆ ಅದು ಒತ್ತೊತ್ತಾಗಿ, ಕಡಿದಾಗಿ ಏಳುತ್ತದೆ. ಮೇಲಿಂದ ಬೆಳಗಿನ ಮೂಡುಗಾಳಿ. ಮಗುಚಿದ ಕಯಾಕ್ ನೀವು ಈಜುವುದಕ್ಕಿಂತ ಜೋರಾಗಿ ಕಡಲ ಕಡೆಗೆ ಹೋಗುತ್ತದೆ. ಹಾಗಾಗಿ ಏನೇ ಆಗಲಿ, ಕಯಾಕ್ ಬಿಡಬಾರದು. ನಾನು ಹುಟ್ಟಿಗೂ ಹಗ್ಗ ಕಟ್ಟಿರುತ್ತೇನೆ.

ಎಡಗಡೆ ಖಾಲಿ ಯಾಕೆ ಅಂದ್ರೆ, ಅದು ಹತ್ತುವ ಬಾಗಿಲು. ಸಾಮಾನು ಹೋಗುವುದು ಮಗುಚಿದ ಕ್ಷಣದಲ್ಲಲ್ಲ, ಹತ್ತುವ ಪರದಾಟದಲ್ಲಿ. ಹೊಟ್ಟೆ ಮೇಲೆ ಜಾರಿ ಬರುವಾಗ ಲೈಫ್ ಜಾಕೆಟ್ಟು ರಾಡ್ ಹೋಲ್ಡರಿಗೆ ಸಿಕ್ಕಿಕೊಳ್ಳುತ್ತದೆ. ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆಯುತ್ತೇವೆ, ಅದು ಕಿತ್ತುಬರುತ್ತದೆ, ಕಯಾಕ್ ಮತ್ತೆ ಮಗುಚುತ್ತದೆ. ಎರಡು ಸಲ ಹೀಗಾದರೆ ಉಸಿರೂ ಇರುವುದಿಲ್ಲ, ಸಾಮಾನೂ ಇರುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಎಡಬದಿಯಿಂದ ಹತ್ತಬೇಕಾದರೆ ಶುರು ಮಾಡಬೇಕಾದ್ದು ಬಲಬದಿಯಿಂದ. ಕಯಾಕ್ ಬೋರಲಾಗಿ ಬಿದ್ದಿರುತ್ತದೆ ಅಲ್ವಾ? ಬಲ ಅಂಚಿನ ಹತ್ತಿರ ಹೋಗಿ, ತಳದ ಮೇಲಿಂದ ಕೈ ಚಾಚಿ, ಎಡ ಅಂಚಿಗೆ ಕಟ್ಟಿದ ಪಟ್ಟಿ (ಆ ಬದಿಯಲ್ಲಿ ಇರುವುದು ಇದೊಂದೇ) ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಅದು ತಿರುಗಿ ಬಿದ್ದಾಗ ಎಡ ಅಂಚು ಸರಿಯಾಗಿ ನಿಮ್ಮ ಎದೆ ಮುಂದೆ ಬರುತ್ತದೆ. ಸಾಮಾನೆಲ್ಲಾ ಆಚೆ ಬದಿಗೆ ಹೋಗಿರುತ್ತದೆ. ಕಾಲನ್ನು ನೀರಿನ ಮಟ್ಟಕ್ಕೆ ತಂದು ಜೋರಾಗಿ ಬಡಿದು, ಹೊಟ್ಟೆ ಮೇಲೆ ಜಾರಿ, ಹೊರಳಿ ಕೂತರೆ ಆಯಿತು. ಆದರೆ ಎಳೆಯುವಾಗ ಬಲಬದಿಯ ರಾಡ್‌ಗಳು ನಿಮ್ಮ ಕಾಲ ಹತ್ತಿರವೇ ನೀರೊಳಗೆ ಇರುತ್ತವೆ. ಲೂರ್‌ನ ಟ್ರೆಬಲ್ ಹುಕ್ (ಮೂರು ಮುಳ್ಳಿನ ಕೊಕ್ಕೆ) ಬಟ್ಟೆಗೆ ಕಚ್ಚಿದರೆ ಕತೆ ಮುಗಿಯಿತು. ಅಳಿವೆ ದಾಟುವಾಗ ಹುಕ್ಕಿಗೆಲ್ಲಾ ಕವರ್ ಇರಲೇಬೇಕು. ಚಾಕು ಜಾಕೆಟ್ಟಿನ ಎದೆ ಮೇಲೇ ಇರಬೇಕು.

ರಾಡ್ ನಿಲ್ಲಿಸಿ ದಾಟುವುದಂತೂ ಬೇಡವೇ ಬೇಡ. ನಾಲ್ಕಡಿ ನೀರಲ್ಲಿ ಮಗುಚಿದರೆ ತುದಿ ಮರಳಿಗೆ ಚುಚ್ಚಿ ಲಟಕ್ಕೆಂದು ಮುರಿಯುತ್ತದೆ. ಮಲಗಿಸಿ ಬಂಜೀ (ರಬ್ಬರ್ ಹಗ್ಗ) ಹಾಕಿ.

ಬಲಕ್ಕೆ ವಾಲುತ್ತದೆ ಎಂದವರಿಗೆ ಉತ್ತರ ಒಂದು ನೀರಿನ ಕ್ಯಾನು. ಡೆಕ್ ಮೇಲಿನ ಸಾಮಾನು ಐದು ಕಿಲೋ ಇರಬಹುದು. ಹಲ್ (ಕಯಾಕಿನ ಟೊಳ್ಳು ಒಡಲು) ಒಳಗೆ, ಎಡಕ್ಕೆ, ಆದಷ್ಟು ಕೆಳಗೆ 4 ಲೀಟರ್ ಕ್ಯಾನ್ ಮತ್ತು ಬ್ಯಾಟರಿ ಕಟ್ಟಿದೆ. ಕಯಾಕ್ ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತಿದೆ.

ಸೀಟಿನ ಹಿಂದೆ ಎಲ್ಲರೂ ಇಡುವ ಹಾಲಿನ ಕ್ರೇಟ್ ನನಗೆ ಆಗಿಬರಲಿಲ್ಲ. ಹಂಗಾರಕಟ್ಟೆ ಕಡೆ ಒಳಹೊಳೆಯಲ್ಲಿ, ನೀರು ಸುಮ್ನೆ ನಿಂತಿರುವ ಹೊತ್ತಿನಲ್ಲಿ, ಸ್ನೇಹಿತನನ್ನು ದಡದಲ್ಲಿ ನಿಲ್ಲಿಸಿ ಬೇಕೆಂದೇ ಮಗುಚಿ ನೋಡುತ್ತಿದ್ದೆ. ಕ್ರೇಟ್ ಇದ್ದಾಗ ಕಯಾಕ್ ಅರ್ಧ ತಿರುಗಿ ಅಲ್ಲೇ ನಿಂತುಬಿಡುತ್ತಿತ್ತು. ಕ್ರೇಟ್ ತೆಗೆದು ಅಗಲವಾದ ಚಪ್ಪಟೆ ಡಬ್ಬಿ ಕಟ್ಟಿದೆ, ಒಂದೇ ಎಳೆತಕ್ಕೆ ತಿರುಗಿತು. ಹ್ಯಾಚ್‌ನಿಂದ (ಡೆಕ್ಕಿನ ಮುಚ್ಚಳ) ಹಲ್ ಒಳಗೆ ಹತ್ತು ಹದಿನೈದು ಲೀಟರ್ ನೀರು ಸೇರಿದರೂ ಕಷ್ಟ. ಅದು ಒಂದು ಪಕ್ಕಕ್ಕೆ ನುಗ್ಗಿ, ಹತ್ತಿದ ಕೂಡಲೇ ಮತ್ತೆ ಮಗುಚಿಸುತ್ತದೆ. ಅದಕ್ಕೆ ಹಲ್ ಒಳಗೆ ಖಾಲಿ 2 ಲೀಟರ್ ಬಾಟಲಿಗಳನ್ನು ತುರುಕಿ ನೋಡಿದೆ. ನೀರು ಕಡಿಮೆಯಾಯಿತು, ಆದರೆ ಕಟಕಟ ಸದ್ದಿಗೆ ಮೀನು ದೂರ. ಈಗ ಈಜುಕೊಳದ ಉದ್ದನೆಯ ಫೋಮ್ ಕೊಳವೆ ತುರುಕಿದ್ದೇನೆ.

ಹುಟ್ಟಿನದ್ದು ಬಿಟ್ಟರೆ ಉಳಿದ ಹಗ್ಗಗಳದ್ದು ಒಂದೇ ಲೆಕ್ಕ. ಯಾವುದೂ ಒಂದು ಮೊಳಕ್ಕಿಂತ ಉದ್ದ ಇರಬಾರದು, ಎಲ್ಲಾ ಸೀಟಿನ ಹಿಂದಿನ ಬಲಮೂಲೆಗೆ ಸೇರಬೇಕು. ಪ್ರತಿ ಹಗ್ಗದ ನಡುವೆ ಮಾನೋ (ಒಂಟಿ ಎಳೆಯ) ದಾರದ ಸಣ್ಣ ಕುಣಿಕೆ, ದೊಡ್ಡ ಎಳೆತ ಬಿದ್ದರೆ ಅದು ಹರಿದುಕೊಳ್ಳುತ್ತದೆ. ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿ) ನಾಲ್ಕು ಕಿಲೋ ಇಟ್ಟರೆ ಕುಣಿಕೆ ಎಂಟು ಕಿಲೋ ಸುಮಾರಿಗೆ ಇರಲಿ. ಕುಣಿಕೆಗೆ ನಾನು ಹಾಕುವ ಗಂಟನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೇನೆ.

ಹಗ್ಗ ಹರಿದರೆ? ಅದಕ್ಕೇ ಬೆಂಡು. ಮಲ್ಪೆಯಲ್ಲಿ ಪರ್ಸೀನ್ ಬಲೆಯ ಹಳೇ ಬೆಂಡು ಅಗ್ಗಕ್ಕೆ ಸಿಗುತ್ತದೆ. ಕೊಯ್ದು ರಾಡಿನ ಮುಂದಿನ ಹಿಡಿಯ ಮೇಲೆ ಕಟ್ಟಿ, ಮನೆ ಬಾವಿಗೆ ಇಳಿಬಿಟ್ಟು ನೋಡಿದೆ. ಬಾವಿಯ ಸಿಹಿನೀರಲ್ಲಿ ತೇಲಿದ್ದು ಉಪ್ಪುನೀರಲ್ಲಿ ತೇಲದೇ ಇರುವುದಿಲ್ಲ. 4000 ಸೈಜಿನ (ನಡುಗಾತ್ರದ) ರೀಲ್ ಇರುವ ರಾಡ್ ತೇಲಿತು. ಆದರೆ ಕೈಗೆ ದಪ್ಪ, ಕಾಸ್ಟಿಂಗ್ (ಗಾಳ ಎಸೆಯುವುದು) ಹಾಳು. ಆಮೇಲೆ ಇನ್ನೊಂದು ಉಪಾಯ: ಸಣ್ಣ ಬೆಂಡಿಗೆ ಎಂಟು ಹತ್ತು ಮೀಟರ್ ಬ್ರೇಡ್ (ಹೆಣೆದ ದಾರ) ಸುತ್ತಿ, ದಾರದ ತುದಿಯನ್ನು ರಾಡಿಗೆ ಕಟ್ಟಿ, ಕರಗುವ ವಸ್ತುವಿನಿಂದ ಲಾಕ್ ಮಾಡುವುದು. ರಾಡ್ ಮುಳುಗಿದರೆ ಲಾಕ್ ಕರಗಿ ಬೆಂಡು ಮೇಲೆ ಬರುತ್ತದೆ. ಬೆಲ್ಲ ಹಾಕಿದೆ, ಕರಾವಳಿಯ ಸೆಕೆಗೆ ಅದೇ ಬೆವರಿತು, ಇರುವೆ ಮುತ್ತಿತು. ಪೆಪ್ಪರ್‌ಮಿಂಟ್ ತೆರೆಯ ಸಿಡಿತಕ್ಕೇ ಬಿಟ್ಟುಕೊಂಡಿತು. ಕಲ್ಲುಸಕ್ಕರೆ ಕೆಲಸ ಮಾಡಿತು, ಮೇಲೆ ಒಂದು ಲೇಪ ಹಚ್ಚಿದ ಮೇಲೆ. ಯಾವ ಲೇಪ ಅಂತ ಈಗ ಕೇಳಬೇಡಿ.

ಇಷ್ಟಕ್ಕೂ ಖರ್ಚಾದದ್ದು 2,500 ರೂಪಾಯಿ ಒಳಗೆ. ಈ ಸಲ ಅಳಿವೆಯ ಬಾಯಲ್ಲಿ ಪಕ್ಕದಿಂದ ಬಂದ ತೆರೆ ಎತ್ತಿ ಹಾಕಿದಾಗ ನನ್ನ ಕೈ ಹುಡುಕದೆಯೇ ಪಟ್ಟಿಗೆ ಹೋಯಿತು. ಒಂದೆರಡು ನಿಮಿಷದಲ್ಲಿ ಮೇಲೆ ಕೂತಿದ್ದೆ. ರಾಡ್ ಎರಡೂ ಇದ್ದವು, ಡಬ್ಬಿ ಇತ್ತು, ಫೋನು ಜಾಕೆಟ್ಟಿನ ಚೀಲದಲ್ಲಿ ಒಣಗಿಯೇ ಇತ್ತು. ಹೋದದ್ದು ಒಂದು ಟೋಪಿ. ಒಳಗೆ ಬಂದು ಕಾಂಡ್ಲಾ (ಮ್ಯಾಂಗ್ರೋವ್) ಬುಡದಲ್ಲಿ ಗಾಳ ಎಸೆದೆ. ಎರಡು ಕಿಲೋ ಮೇಲಿನ ಕೆಂಬೇರಿ ಮೀನು ಹಿಡಿಯಿತು. ಯಾವ ಕಾಂಡ್ಲಾ ಅಂತ ಮಾತ್ರ ಹೇಳಲಾರೆ.

ಹ್ಯಾಚ್‌ನ ರಬ್ಬರ್ ಇನ್ನೂ ಪೂರ್ತಿ ಸರಿಯಾಗಿಲ್ಲ, ಆ ದಿನವೂ ಮೂರು ನಾಲ್ಕು ಲೀಟರ್ ನೀರು ಹೊಕ್ಕಿತ್ತು. ಜೂನ್, ಜುಲೈನಲ್ಲಿ ಹೇಗೂ ನಾನು ಅಳಿವೆಗೆ ಇಳಿಯುವುದಿಲ್ಲ. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ತಂದಿಟ್ಟಿದ್ದೇನೆ, ಆ ಎರಡು ತಿಂಗಳಲ್ಲಿ ಅದನ್ನು ಕೂರಿಸಿ ಬೋರಲು ಹಾಕಿ ನೋಡಬೇಕು.